ಪಂಕ್ತಿಭೇದವಿಲ್ಲದ ಮೇಜು: ಒಂದು ಎಪಿಸ್ಕೋಪಲ್ ಸಭೆಯ ಆರಾಧನೆ ಮತ್ತು ಸಹಜೀವನ

ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತವರಿಗೆ ಮುಖ ನೋಡಿ ಬಡಿಸುವುದನ್ನು ಕನ್ನಡದಲ್ಲಿ ಪಂಕ್ತಿಭೇದ ಎನ್ನುತ್ತೇವೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಖಂಡಿಸುವುದು ಇದನ್ನೇ. ಉಳ್ಳವರು ಮುಂಚಿತವಾಗಿ ತಿಂದು ಕುಡಿದು ತೃಪ್ತರಾದರು, ಇಲ್ಲದವರು ಹಸಿದು ನಿಂತರು. ಆದುದರಿಂದ ಅವರು ಕೂಡಿ ಮಾಡುತ್ತಿದ್ದುದು ಕರ್ತನ ಭೋಜನವೇ ಅಲ್ಲವೆಂದು ಅಪೊಸ್ತಲನು ತೀರ್ಪು ಕೊಡುತ್ತಾನೆ. ಅವನು ಆಕ್ಷೇಪಿಸಿದ್ದು ಪ್ರಾರ್ಥನೆಯ ಮಾತುಗಳನ್ನಲ್ಲ, ಊಟದ ಸಾಲನ್ನು. ಆರಾಧನೆಯ ಸತ್ಯವು ಸಭೆಯು ಕೂಡಿ ಬಾಳುವ ರೀತಿಯಲ್ಲಿ ಪರೀಕ್ಷೆಗೊಳಗಾಗುತ್ತದೆ ಎಂಬುದು ಇಲ್ಲಿಂದ ನಾವು ಕಲಿಯುವ ಮೊದಲನೆಯ ಪಾಠ.

ಅಮೆರಿಕದ ಎಪಿಸ್ಕೋಪಲ್ ಸಭೆಯ ಪ್ಯಾರಿಷ್‌ಗಳ ಮುಂದೆ, ಎಪಿಸ್ಕೋಪಲ್ ಸಭೆ ನಿಮ್ಮನ್ನು ಸ್ವಾಗತಿಸುತ್ತದೆ ಎಂಬ ಅರ್ಥದ ಫಲಕವನ್ನು ಕಾಣುವುದು ಸಾಮಾನ್ಯ. ಸ್ವಾಗತವನ್ನು ತನ್ನ ಗುರುತಾಗಿ ಮಾಡಿಕೊಂಡಿರುವ ಈ ಸಭೆಯಲ್ಲಿ ಆ ಮಾತು ಆರಾಧನೆಯೊಳಗೆ ಹೇಗೆ ಇಳಿದುಬಂದಿದೆ, ಎಲ್ಲಿ ತೊಡಕಾಗಿದೆ ಎಂಬುದನ್ನು ಒಂದು ಪ್ಯಾರಿಷಿನ ಉದಾಹರಣೆಯಿಂದ ವಿವರಿಸುವುದು ಈ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಂತ ನಿಸ್ಸದ ಗ್ರೆಗೊರಿ ಸಭೆಯನ್ನು. ಸ್ವಾಗತವೆಂದರೆ ಬಾಗಿಲಲ್ಲಿ ಕೈಮುಗಿಯುವುದಷ್ಟೇ ಅಲ್ಲ. ಮೇಜಿನ ಯಜಮಾನನು ಯಾರೆಂದು ಸಭೆಯು ಮಾಡುವ ಅರಿಕೆಯೇ ಸ್ವಾಗತ ಎಂಬುದು ನಾವು ಇಲ್ಲಿ ಸ್ಥಾಪಿಸಲು ಬಯಸುವ ಮಾತು.

ತೆರೆದ ಬಾಗಿಲು, ಸಿಗದ ಆಸನ

ಎಪಿಸ್ಕೋಪಲ್ ಸಭೆಯು ಸ್ವಾಗತವನ್ನು ಸುಲಭವಾಗಿ ಕಲಿಯಲಿಲ್ಲ. ಫಿಲಡೆಲ್ಫಿಯದ ಮೆಥೊಡಿಸ್ಟ್ ದೇವಾಲಯವೊಂದರಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ಜನರನ್ನು, ಅದು ಅವರಿಗೆ ಗೊತ್ತುಮಾಡಿದ ಸ್ಥಳವಲ್ಲವೆಂದು, ಪ್ರಾರ್ಥನೆಯ ನಡುವೆಯೇ ಎಬ್ಬಿಸಿದರು. ಅವರಲ್ಲಿ ಅಬ್ಸಲೋಮ್ ಜೋನ್ಸ್ ಒಬ್ಬರು. ದಾಸತ್ವದಲ್ಲಿ ಹುಟ್ಟಿ ಬಿಡುಗಡೆ ಪಡೆದಿದ್ದ ಅವರು ತಮ್ಮ ಜನರೊಂದಿಗೆ ಹೊರನಡೆದರು. ಅವರು ಕಟ್ಟಿದ ಸಭೆಯನ್ನು 1794ರಲ್ಲಿ ಎಪಿಸ್ಕೋಪಲ್ ಸಭೆಯು ಸಂತ ಥಾಮಸರ ಆಫ್ರಿಕನ್ ಸಭೆ ಎಂಬ ಹೆಸರಿನಲ್ಲಿ ಸೇರಿಸಿಕೊಂಡಿತು. ಮುಂದೆ ಜೋನ್ಸರಿಗೆ ಗುರುದೀಕ್ಷೆಯೂ ದೊರೆಯಿತು. ಎಪಿಸ್ಕೋಪಲ್ ಸಭೆಯಲ್ಲಿ ಗುರುಗಳಾದ ಮೊದಲ ಆಫ್ರಿಕನ್ ಅಮೆರಿಕನ್ನರು ಅವರೇ. ಆದರೆ ಧರ್ಮಪ್ರಾಂತದ ಪ್ರತಿನಿಧಿಸಭೆಯಲ್ಲಿ ಕುಳಿತು ಮತ ಹಾಕುವ ಹಕ್ಕನ್ನು ಆ ಸಭೆಗೆ ಹಲವು ದಶಕಗಳ ಕಾಲ ಕೊಡಲಿಲ್ಲ. ಬಾಗಿಲು ತೆರೆದಿತ್ತು, ಆಸನ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಪಂಕ್ತಿಭೇದ ರೂಢಿಯಲ್ಲಿತ್ತು. ದೇವಾಲಯದ ಆಸನಗಳನ್ನು ಕುಟುಂಬಗಳು ಬಾಡಿಗೆಗೆ ಪಡೆಯುತ್ತಿದ್ದವು. ಹಣ ಹೆಚ್ಚಿದ್ದವರಿಗೆ ಒಳ್ಳೆಯ ಸ್ಥಳ, ಬಡವರಿಗೆ ಹಿಂದಿನ ಸಾಲು ಇಲ್ಲವೇ ಉಪ್ಪರಿಗೆ. ಇದಕ್ಕೆ ಎದುರಾಗಿ ವಿಲಿಯಮ್ ಅಗಸ್ಟಸ್ ಮ್ಯೂಲೆನ್‌ಬರ್ಗ್ ಎಂಬ ಗುರುಗಳು 1846ರಲ್ಲಿ ನ್ಯೂಯಾರ್ಕಿನಲ್ಲಿ ಬಾಡಿಗೆಯಿಲ್ಲದ ಆಸನಗಳ ದೇವಾಲಯವನ್ನು ಆರಂಭಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಪರಿಶುದ್ಧ ಅನ್ಯೋನ್ಯತೆಯ ದೇವಾಲಯ. ಇಲ್ಲಿ ಕರ್ತನ ಭೋಜನವನ್ನು ಪದೇ ಪದೇ ಆಚರಿಸುವುದೂ ಬಡವರ ಶುಶ್ರೂಷೆಯೂ ಒಂದೇ ಬೇರಿನಿಂದ ಬೆಳೆದವು.

ಆಮೇಲಿನ ಹೆಜ್ಜೆಗಳು ಓದುಗರಿಗೆ ಪರಿಚಿತ. 1976ರ ಮಹಾಸಭೆಯು ಸ್ತ್ರೀಯರಿಗೆ ಗುರುದೀಕ್ಷೆಯ ದಾರಿಯನ್ನು ತೆರೆಯಿತು. ಸಲಿಂಗಪ್ರೇಮಿಗಳೂ ದೇವರ ಮಕ್ಕಳೇ, ಸಭೆಯ ಪ್ರೀತಿಗೂ ಪಾಲನೆಗೂ ಅವರು ಇತರರಂತೆಯೇ ಹಕ್ಕುಳ್ಳವರು ಎಂದು ನಿರ್ಣಯಿಸಿದ್ದೂ ಅದೇ ಮಹಾಸಭೆ. 1989ರಲ್ಲಿ ಬಾರ್ಬರಾ ಹ್ಯಾರಿಸ್ ಆಂಗ್ಲಿಕನ್ ಲೋಕದ ಮೊದಲ ಮಹಿಳಾ ಬಿಷಪರಾದರು. 2003ರಲ್ಲಿ, ಸಲಿಂಗ ಸಂಗಾತಿಯೊಡನೆ ಬಹಿರಂಗವಾಗಿ ಬಾಳುತ್ತಿದ್ದ ಜೀನ್ ರಾಬಿನ್ಸನ್‌ರ ಬಿಷಪ್ ಅಭಿಷೇಕವು ಆ ಸಭೆಯನ್ನು ಒಳಗೂ ಹೊರಗೂ ಸೀಳಿತು. ಈ ನಿರ್ಣಯಗಳ ಬಗ್ಗೆ ನಮ್ಮ ಓದುಗರಲ್ಲಿ ಏಕಮತವಿಲ್ಲ. ಆದರೂ ಒಂದು ಸಂಗತಿಯನ್ನು ಎಲ್ಲರೂ ಗಮನಿಸಬಹುದು. ಸ್ವಾಗತದ ಮಾತು ಬೆಲೆಯಿಲ್ಲದೆ ಬರುವುದಿಲ್ಲ. ಆ ಬೆಲೆಯನ್ನು ಬಹುಕಾಲ ತೆತ್ತವರು ಹೊರಗೆ ನಿಂತವರೇ.

ಎರಡು ಅಂಗಳಗಳ ದೇವಾಲಯ

ಸಂತ ಗ್ರೆಗೊರಿ ಸಭೆಯನ್ನು 1978ರಲ್ಲಿ ರಿಕ್ ಫೇಬಿಯನ್ ಮತ್ತು ಡಾನಲ್ಡ್ ಶೆಲ್ ಎಂಬ ಇಬ್ಬರು ಗುರುಗಳು ಆರಂಭಿಸಿದರು. ನಾಲ್ಕನೆಯ ಶತಮಾನದ ಕಪ್ಪದೋಕ್ಯದ ಬಿಷಪರಾದ ಗ್ರೆಗೊರಿಯವರ ಹೆಸರನ್ನು ಅದಕ್ಕೆ ಇಟ್ಟದ್ದು ಸಕಾರಣವಾಗಿತ್ತು. ದೇವರ ಕಡೆಗಿನ ಪಯಣಕ್ಕೆ ಕೊನೆಯೆಂಬುದಿಲ್ಲ, ದೇವರ ಸ್ನೇಹಿತರಾಗುವುದೇ ಮನುಷ್ಯನಿಗೆ ತಕ್ಕ ಗುರಿ ಎಂಬುದು ಆ ಸಭಾಪಿತೃಗಳ ಬೋಧನೆ. ಪೊಟ್ರೆರೊ ಗುಡ್ಡದ ಮೇಲಿನ ಈಗಿನ ದೇವಾಲಯವು 1995ರಲ್ಲಿ ಸಿದ್ಧವಾಯಿತು. ಅದರ ವಿನ್ಯಾಸವೇ ಒಂದು ಪ್ರಸಂಗ.

ದೇವಾಲಯದಲ್ಲಿ ಎರಡು ಅಂಗಳಗಳಿವೆ. ಒಂದು ಎಂಟು ಮೂಲೆಯ ವಿಶಾಲ ಅಂಗಳ. ಅದರ ನಡುವೆ ಮೇಜು, ಸುತ್ತ ಯಾವ ಆಸನವೂ ಇಲ್ಲ. ಇನ್ನೊಂದು ನೀಳವಾದ ಅಂಗಳ. ಅಲ್ಲಿ ಆಸನಗಳು ಎದುರುಬದುರಾಗಿವೆ, ನಡುವಿನ ದಾರಿಯ ಒಂದು ತುದಿಯಲ್ಲಿ ವಾಕ್ಯಪೀಠ, ಇನ್ನೊಂದರಲ್ಲಿ ಆರಾಧನೆ ನಡೆಸುವವರ ಆಸನ. ಬೇರೆಡೆ ಜನರಿಗೆ ಮುಂದಿನವರ ಬೆನ್ನು ಕಾಣುತ್ತದೆ, ಇಲ್ಲಿ ಎದುರಿನವರ ಮುಖ ಕಾಣುತ್ತದೆ. ವೇದಪಾಠಗಳ ನಂತರ ಪ್ರಸಂಗ, ಪ್ರಸಂಗದ ನಂತರ ಮೌನ. ಮೌನದ ಬಳಿಕ ಸಭೆಯವರು ಎದ್ದುನಿಂತು, ಕೇಳಿದ ವಾಕ್ಯಕ್ಕೆ ತಮ್ಮ ಬಾಳಿನ ಅನುಭವದಿಂದ ಪ್ರತಿಸ್ಪಂದಿಸಬಹುದು. ಮೊದಲ ಸಾರಿ ಬಂದವರಿಗೂ ಆ ಅವಕಾಶವುಂಟು. ಹಾಡುವುದು ಹೆಚ್ಚಾಗಿ ವಾದ್ಯವಿಲ್ಲದೆ, ಆದುದರಿಂದ ಸಂಗೀತವು ಗಾಯಕವೃಂದದ ಸ್ವತ್ತಾಗದೆ ಎಲ್ಲರ ಕಂಠದ ಕೆಲಸವಾಗುತ್ತದೆ.

ವಾಕ್ಯದ ಅಂಗಳದಿಂದ ಮೇಜಿನ ಅಂಗಳಕ್ಕೆ ಇಡೀ ಸಭೆಯು ಹಾಡುತ್ತ, ಮುಂದಿನವರ ಹೆಗಲ ಮೇಲೆ ಕೈಯಿಟ್ಟು, ಸರಳವಾದ ಹೆಜ್ಜೆಯನ್ನು ಹಾಕುತ್ತ ಸಾಗುತ್ತದೆ. ಕುಣಿಯಲು ಬಾರದವರು ಕುಣಿಯುವವರ ಹೆಗಲನ್ನು ಹಿಡಿದು ನಡೆಯುತ್ತಾರೆ. ಮೇಲೆ, ಸುತ್ತಣ ಗೋಡೆಯಲ್ಲಿ, ಕಲಾವಿದ ಮಾರ್ಕ್ ಡ್ಯೂಕ್ಸ್ ಬಿಡಿಸಿರುವ ತೊಂಬತ್ತು ಸಂತರು ಕ್ರಿಸ್ತನೊಂದಿಗೆ ಕುಣಿಯುತ್ತಿದ್ದಾರೆ. ಆ ಸಾಲಿನಲ್ಲಿ ಸಭೆಯ ಪಂಚಾಂಗಕ್ಕೆ ಸೇರದ ಆನ್ ಫ್ರ್ಯಾಂಕ್, ಮಾಲ್ಕಮ್ ಎಕ್ಸ್ ಅಂಥವರೂ ಇದ್ದಾರೆ. ಕೆಳಗಿನ ಸಾಲು ಮೇಲಿನ ಸಾಲಿನೊಂದಿಗೆ ಸೇರುತ್ತದೆ ಎಂಬುದು ಅದರ ಭಾವ.

ಮೇಜಿನ ಎರಡು ಬದಿಗಳಲ್ಲಿ ಎರಡು ಬರಹಗಳಿವೆ. ಒಂದು ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಆರಂಭದಲ್ಲಿರುವ ದೂರು: ಈ ಮನುಷ್ಯನು ಪಾಪಿಗಳನ್ನು ಸೇರಿಸಿಕೊಂಡು ಅವರೊಡನೆ ಉಣ್ಣುತ್ತಾನೆಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದ್ದು, ಗ್ರೀಕ್ ಮೂಲದಲ್ಲಿ. ಇನ್ನೊಂದು, ಕರ್ತನು ಸುಂಕದವರೊಡನೆಯೂ ವೇಶ್ಯೆಯರೊಡನೆಯೂ ಊಟಮಾಡಿದ್ದನ್ನು ನೆನಪಿಸಿ, ಯೋಗ್ಯರು ಅಯೋಗ್ಯರು ಎಂದು ವಿಂಗಡಿಸದಿರಿ ಎಂಬ ಅರ್ಥದ ನಿನೆವೆಯ ಐಸಾಕರ ಮಾತು. ವಿರೋಧಿಗಳ ದೂರನ್ನೇ ಮೇಜಿನ ಮೇಲೆ ಕೆತ್ತಿಸಿದ ಧೈರ್ಯವನ್ನು ನಾವು ಗಮನಿಸಬೇಕು. ಯೇಸುವಿನ ವೈರಿಗಳು ಅವನ ವಿಷಯದಲ್ಲಿ ಹೇಳಿದ ನಿಜವೇ ಅಲ್ಲಿ ಸುವಾರ್ತೆಯಾಗಿದೆ. ಭೋಜನ ಮುಗಿದ ಕೂಡಲೇ ಅದೇ ಮೇಜಿನ ಮೇಲೆ ಕಾಫಿ, ತಿಂಡಿ ಬರುತ್ತವೆ. ಪವಿತ್ರವಾದುದಕ್ಕೂ ದಿನನಿತ್ಯದ್ದಕ್ಕೂ ಬೇರೆ ಬೇರೆ ಮೇಜು ಅಲ್ಲಿಲ್ಲ.

ಸಮಾಧಾನದ ವಂದನೆ

ಈ ಆರಾಧನೆಯಲ್ಲಿ, ಎಲ್ಲ ಎಪಿಸ್ಕೋಪಲ್ ಸಭೆಗಳಲ್ಲಿರುವಂತೆಯೇ, ಸಮಾಧಾನದ ವಂದನೆಗೆ ಮಹತ್ವದ ಸ್ಥಾನವಿದೆ. ಇದು ನಮಗೆ ಪರಕೀಯವಲ್ಲ. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯು 1950ರಲ್ಲಿ ಹೊರತಂದ ಕರ್ತನ ಭೋಜನದ ಕ್ರಮದಲ್ಲಿ, ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿಯನ್ನು ಅನುಸರಿಸಿ, ವಂದನೆಯು ಕೈಯಿಂದ ಕೈಗೆ ದಾಟುವ ವಿಧಿಯನ್ನು ಅಳವಡಿಸಿತು. ಶತಮಾನಗಳಿಂದ ಬರಿಯ ಮಾತಾಗಿ ಉಳಿದಿದ್ದ ವಂದನೆಗೆ ಹೀಗೆ ದೇಹ ಬಂದಿತು. ಆಂಗ್ಲಿಕನ್ ಲೋಕದ ಆರಾಧನಾ ಪರಿಷ್ಕರಣೆಗೆ ಈ ಕ್ರಮವು ಪ್ರೇರಣೆಯಾಯಿತೆಂಬುದನ್ನು ಆರಾಧನಾಶಾಸ್ತ್ರದ ವಿದ್ವಾಂಸರು ಒಪ್ಪುತ್ತಾರೆ. ಅಮೆರಿಕದ 1979ರ ಪ್ರಾರ್ಥನಾ ಪುಸ್ತಕದಲ್ಲಿಯೂ ವಂದನೆಯು ಪ್ರಾರ್ಥನೆಗಳಿಗೂ ಕಾಣಿಕೆಗೂ ನಡುವೆ ನಿಂತಿದೆ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಂದಿಗೆ ಸಮಾಧಾನವಾಗಬೇಕೆಂಬ ಪರ್ವತಪ್ರಸಂಗದ ಬೋಧನೆಗೆ ಅದು ತಕ್ಕ ಸ್ಥಾನ. ಜಾತಿಯಿಂದ ಮುಟ್ಟು ತಟ್ಟು ಎಂದು ಒಡೆದ ನಾಡಿನಲ್ಲಿ ಕೈಯಿಂದ ಕೈಗೆ ಹೋಗುವ ವಂದನೆಯು ಒಂದು ವಿಶ್ವಾಸಪ್ರಮಾಣವೇ ಆಗಿತ್ತು. ಅದನ್ನು ಇಂದು ನಾವು ತಲೆಬಾಗಿಸುವಷ್ಟಕ್ಕೆ ಇಳಿಸಿದ್ದರೆ, ಲೋಕಕ್ಕೆ ಕೊಟ್ಟದ್ದನ್ನು ನಾವೇ ಕಳೆದುಕೊಂಡಂತೆ.

ಶುಕ್ರವಾರದ ಮೇಜು

ಸಾರಾ ಮೈಲ್ಸ್ ಎಂಬ ಪತ್ರಕರ್ತೆ ಒಂದು ಭಾನುವಾರ ಬೆಳಿಗ್ಗೆ ಕುತೂಹಲದಿಂದ ಸಂತ ಗ್ರೆಗೊರಿ ದೇವಾಲಯದೊಳಗೆ ಕಾಲಿಟ್ಟರು. ದೇವರಿಲ್ಲವೆಂಬ ಮನೆಯಲ್ಲಿ ಬೆಳೆದವರು. ಅಡುಗೆಮನೆಗಳಲ್ಲಿ ದುಡಿದವರು, ಮಧ್ಯ ಅಮೆರಿಕದ ಯುದ್ಧಗಳನ್ನು ವರದಿ ಮಾಡಿದವರು. ದೀಕ್ಷಾಸ್ನಾನವಿಲ್ಲದ ಅವರ ಕೈಗೂ ರೊಟ್ಟಿಯ ತುಂಡು ಬಂದಿತು, ಅವರು ತಿಂದರು. ತಾನು ನಂಬದಿದ್ದ ಒಬ್ಬನು ಆ ತುತ್ತಿನಲ್ಲಿ ತನ್ನನ್ನು ಸಂಧಿಸಿದನೆಂದು ಅವರು 2007ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಸಾಕ್ಷಿ ಹೇಳಿದ್ದಾರೆ. ಆಮೇಲೆ ಅವರಿಗೆ ದೀಕ್ಷಾಸ್ನಾನವಾಯಿತು.

ಆ ತುತ್ತು ಅವರಲ್ಲಿ ಹುಟ್ಟಿಸಿದ ಪ್ರಶ್ನೆ ಇದು: ನನಗೆ ಯಾರೂ ಏನನ್ನೂ ಕೇಳದೆ ಕೊಟ್ಟರಲ್ಲ, ಹಾಗಾದರೆ ಹೊರಗೆ ಹಸಿದವರಿಗೆ? 2000ರಲ್ಲಿ ಅವರು ಆ ದೇವಾಲಯದಲ್ಲಿಯೇ ದವಸಧಾನ್ಯ, ತರಕಾರಿಗಳನ್ನು ಉಚಿತವಾಗಿ ಹಂಚುವ ಶುಶ್ರೂಷೆಯನ್ನು ಆರಂಭಿಸಿದರು. ನಗರದ ಆಹಾರನಿಧಿಯಿಂದ ಬಂದ ಪದಾರ್ಥಗಳನ್ನು ಶುಕ್ರವಾರಗಳಲ್ಲಿ ಅದೇ ಮೇಜಿನ ಸುತ್ತ ರಾಶಿ ಹಾಕುತ್ತಿದ್ದರು. ನೂರಾರು ಕುಟುಂಬಗಳು ಕುಣಿಯುವ ಸಂತರ ಕೆಳಗೆ ಸಾಲಾಗಿ ಬಂದು ಚೀಲ ತುಂಬಿಕೊಂಡು ಹೋಗುತ್ತಿದ್ದವು. ಬಡತನಕ್ಕೆ ಪುರಾವೆ ಕೇಳುತ್ತಿರಲಿಲ್ಲ. ಹಂಚಲು ನಿಂತವರಲ್ಲಿ ಅನೇಕರು ಮೊದಲು ಚೀಲ ಹಿಡಿದು ಬಂದವರೇ.

ಇದನ್ನು ಸಭೆಯಲ್ಲಿ ಎಲ್ಲರೂ ಸಂತೋಷದಿಂದ ಒಪ್ಪಿಕೊಂಡರೆಂದು ತಿಳಿಯಬಾರದು. ಮೈಲ್ಸ್ ತಮ್ಮ ಪುಸ್ತಕದಲ್ಲಿ ಸಭೆಯೊಳಗಿನ ಅಳುಕನ್ನೂ ವಿರೋಧವನ್ನೂ ಮುಚ್ಚಿಡುವುದಿಲ್ಲ. ಭಾನುವಾರ ಎಲ್ಲರೂ ಬನ್ನಿ ಎಂದು ಸಾರುವುದು ಸುಲಭ. ಶುಕ್ರವಾರ ಎಲ್ಲರೂ ನಿಜವಾಗಿ ಬಂದಾಗ ಕಷ್ಟ. ಆರಾಧನೆಯ ಸ್ವಾಗತವು ಸತ್ಯವೋ ಶೋಭೆಯೋ ಎಂಬುದು ತಿಳಿದದ್ದು ಅಲ್ಲಿ. ಕನ್ನಡ ನಾಡಿನ ಶರಣರು ದಾಸೋಹ ಎಂಬ ಮಾತಿನಲ್ಲಿ ಹಿಡಿದಿಟ್ಟ ತಿಳಿವು ಇಲ್ಲಿ ನೆನಪಾಗುತ್ತದೆ: ನೀಡುವವನು ಒಡೆಯನಲ್ಲ, ದಾಸ.

ಮೇಜು ಮೊದಲೋ, ಸ್ನಾನ ಮೊದಲೋ?

ಈಗ ತೊಡಕಿನ ಪ್ರಶ್ನೆಗೆ ಬರೋಣ. ದೀಕ್ಷಾಸ್ನಾನವಿಲ್ಲದವರು ಕರ್ತನ ಭೋಜನಕ್ಕೆ ಅರ್ಹರಲ್ಲವೆಂದು ಎಪಿಸ್ಕೋಪಲ್ ಸಭೆಯ ನಿಯಮಾವಳಿಯು ಸ್ಪಷ್ಟವಾಗಿ ಹೇಳುತ್ತದೆ. 2012ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕೂಡಿದ ಮಹಾಸಭೆಯು, ಭೋಜನಕ್ಕೆ ಪ್ರವೇಶಿಸುವ ಪುರಾತನವೂ ಪ್ರಮಾಣವೂ ಆದ ದ್ವಾರವು ದೀಕ್ಷಾಸ್ನಾನವೇ ಎಂದು ಮತ್ತೆ ದೃಢಪಡಿಸಿತು. ಸಂತ ಗ್ರೆಗೊರಿ ಸಭೆಯು ತಿಳಿದೂ ಈ ಕ್ರಮವನ್ನು ತಿರುಗಿಸಿದೆ. ಅಲ್ಲಿ ಒಳಬರುವವನಿಗೆ ಮೊದಲು ಸಿಗುವುದು ಮೇಜು. ಸ್ನಾನದ ನೀರು ಅದರಾಚೆ, ಹಿಂಬದಿಯ ಬಾಗಿಲುಗಳ ಹೊರಗೆ, ಬಂಡೆಯಿಂದ ಹರಿಯುತ್ತದೆ.

ಈ ತಿರುವಿಗೆ ಕೊಡುವ ಆಧಾರ ಯೇಸುವಿನ ಊಟದ ರೀತಿ. ಅವನು ಜಕ್ಕಾಯನ ಪಶ್ಚಾತ್ತಾಪಕ್ಕೆ ಕಾದು ಅನಂತರ ಅವನ ಮನೆಗೆ ಹೋಗಲಿಲ್ಲ. ಮನೆಗೆ ಬರುವೆನೆಂದದ್ದೇ ಪಶ್ಚಾತ್ತಾಪಕ್ಕೆ ಕಾರಣವಾಯಿತು. ಕೃಪೆ ಮೊದಲು, ಪ್ರತಿಜ್ಞೆ ಆಮೇಲೆ. ಸಾರಾ ಮೈಲ್ಸ್ ಅವರ ಬಾಳು ಈ ವಾದಕ್ಕೆ ಜೀವಂತ ಉದಾಹರಣೆ.

ಎದುರುವಾದವೂ ಹಗುರವಾದುದಲ್ಲ. ಸ್ನಾನ ಹೊಂದಿದವರ ಹೊರತು ಯಾರೂ ಈ ಭೋಜನದಲ್ಲಿ ಪಾಲುಗೊಳ್ಳಬಾರದೆಂಬ ವಿಧಿಯು ದಿದಾಖೆಯಷ್ಟು ಹಳೆಯದು. ಎರಡನೆಯ ಶತಮಾನದಲ್ಲಿ ಹುತಾತ್ಮ ಜಸ್ಟಿನರೂ ಅದನ್ನೇ ಹೇಳುತ್ತಾರೆ. ಪಾಪಿಗಳೊಡನೆ ಯೇಸು ಮಾಡಿದ ಊಟಗಳು ಬೇರೆ, ಮರಣದ ಮುನ್ನಾದಿನ ಶಿಷ್ಯರೊಡನೆ ಮಾಡಿದ ಭೋಜನ ಬೇರೆ. ಎರಡನೆಯದು ಶಿಲುಬೆಯ ಒಡಂಬಡಿಕೆ. ಅದರ ಪಾತ್ರೆಯಲ್ಲಿ ಕುಡಿಯುವುದೆಂದರೆ ಅವನ ಮರಣದಲ್ಲಿ ಪಾಲುಗೊಳ್ಳುವುದು. ಬೆಲೆಯನ್ನು ತಿಳಿಸದೆ ಒಬ್ಬರ ಕೈಗೆ ಅದನ್ನು ಕೊಡುವುದು ಅತಿಥಿಗೆ ತೋರುವ ಗೌರವವೇ? ಜೇಮ್ಸ್ ಫಾರ್‌ವೆಲ್ 2004ರಲ್ಲಿ ಹಳೆಯ ಕ್ರಮವನ್ನು ಸಮರ್ಥಿಸಿ ಬರೆದಾಗ ಕ್ಯಾಥರಿನ್ ಟ್ಯಾನರ್ ಅದಕ್ಕೆ ಉತ್ತರ ಬರೆದು ತೆರೆದ ಮೇಜಿನ ಪರವಾಗಿ ವಾದಿಸಿದರು. ಇವರಿಬ್ಬರ ಚರ್ಚೆಯನ್ನು ದೇವಜ್ಞಾನದ ವಿದ್ಯಾರ್ಥಿಗಳು ಓದಲೇಬೇಕು.

ಎರಡೂ ಪಕ್ಷಗಳು ಒಂದು ವಿಷಯದಲ್ಲಿ ಕೂಡುತ್ತವೆಂದು ನಮಗೆ ತೋರುತ್ತದೆ. ಮೇಜು ಸಭೆಯ ಸ್ವತ್ತಲ್ಲ. ಎಮ್ಮಾಹುವಿನ ಮನೆಯಲ್ಲಿ ಅತಿಥಿಯಾಗಿ ಬಂದವನು ರೊಟ್ಟಿಯನ್ನು ಮುರಿದು ಯಜಮಾನನಾದನು, ಕರೆದವರೇ ಅತಿಥಿಗಳಾದರು. ಬಾಗಿಲನ್ನು ತೆರೆದಿಡುವವರೂ, ಬಾಗಿಲಲ್ಲಿ ತಡೆದು ಉಪದೇಶ ಕೊಡುವವರೂ ಈ ಮನೆಯ ಒಡೆಯರಲ್ಲ, ಊಳಿಗದವರು. ಔದಾರ್ಯದ ಹೆಮ್ಮೆಯಿಂದ ಎಲ್ಲರನ್ನೂ ಕರೆಯುವವನೂ, ಶುದ್ಧತೆಯ ಹೆಮ್ಮೆಯಿಂದ ಕೆಲವರನ್ನು ತಡೆಯುವವನೂ ಒಂದೇ ತಪ್ಪನ್ನು ಮಾಡುತ್ತಾರೆ: ತಾನು ಬಡಿಸುವವನು, ಉಣ್ಣಬೇಕಾದವನಲ್ಲ ಎಂದು ಭಾವಿಸುತ್ತಾರೆ.

ನಮ್ಮ ಸಭೆಗಳ ಮುಂದಿರುವ ಪ್ರಶ್ನೆ

ಅಮೆರಿಕದ ಈ ಚರ್ಚೆಯನ್ನು ನಮ್ಮ ನೆಲಕ್ಕೆ ಹಾಗೆಯೇ ತಂದು ನೆಡಲಾಗದು. ಅಲ್ಲಿ ದೀಕ್ಷಾಸ್ನಾನಕ್ಕೆ ನಾಗರಿಕ ಬದುಕಿನಲ್ಲಿ ದಂಡ ತೆರಬೇಕಾಗಿಲ್ಲ. ಇಲ್ಲಿ 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಯ ಹಕ್ಕುಗಳನ್ನು ಕಳೆದುಕೊಳ್ಳುತ್ತಾನೆ. ಮದುವೆಯಾಗಿ ಬೇರೆ ಮನೆ ಸೇರಿದ ಸ್ತ್ರೀಗೆ ಸ್ನಾನವೆಂದರೆ ಮನೆಯನ್ನೇ ತೊರೆಯುವ ಮಾತಾಗಬಹುದು. ಆದುದರಿಂದ ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಕುಳಿತು, ಕೀರ್ತನೆಗಳನ್ನು ಬಾಯಿಪಾಠವಾಗಿ ಹಾಡಿ, ಭೋಜನದ ಹೊತ್ತಿಗೆ ತಲೆತಗ್ಗಿಸಿ ಉಳಿಯುವ ವಿಶ್ವಾಸಿಗಳನ್ನು ನಮ್ಮಲ್ಲಿ ಅನೇಕ ಸಭಾಪಾಲಕರು ಬಲ್ಲರು. ಕ್ರಿಸ್ತನಲ್ಲಿನ ಅನ್ಯೋನ್ಯತೆಗೆ ಸ್ನಾನದ ಗಡಿ ಅಗತ್ಯವೇ ಎಂದು ಎಂ. ಎಂ. ಥಾಮಸ್ ಮತ್ತು ಲೆಸ್ಲಿ ನ್ಯೂಬಿಗಿನ್ 1970ರ ದಶಕದಲ್ಲಿ ನಡೆಸಿದ ವಾದ ಇಂಥವರ ಕುರಿತಾದುದೇ.

ಇನ್ನೊಂದು ಕಡೆ, ಸ್ನಾನ ಹೊಂದಿದವರ ನಡುವೆಯೇ ಪಂಕ್ತಿಭೇದವಿದ್ದ ಇತಿಹಾಸವೂ ನಮ್ಮದೇ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್‌ರು ಸಭೆಯೊಳಗೆ ಜಾತಿಭೇದ ಕೂಡದೆಂದು ಆಜ್ಞಾಪಿಸಿದಾಗ ತಂಜಾವೂರಿನ ಸೀಮೆಯಲ್ಲಿ ಅನೇಕರು ಒಟ್ಟಿಗೆ ಕುಳಿತು ಒಂದೇ ಪಾತ್ರೆಯಲ್ಲಿ ಕುಡಿಯುವುದಕ್ಕಿಂತ ಸಭೆಯನ್ನು ಬಿಡುವುದೇ ಲೇಸೆಂದು ಹೊರಟರು. ಸ್ನಾನವು ಅವರಿಗೆ ಮೇಜಿನ ಬಾಗಿಲನ್ನು ತೆರೆದಿತ್ತು, ಹೃದಯದ ಬಾಗಿಲನ್ನಲ್ಲ.

ಹೀಗಿರುವಾಗ ನಮಗೆ ತೋರುವ ದಾರಿ ಇದು. ಸ್ನಾನ ಮೊದಲು, ಮೇಜು ಆಮೇಲೆ ಎಂಬ ಪುರಾತನ ಕ್ರಮವನ್ನು ಒಬ್ಬ ಸಭಾಪಾಲಕನು ತನ್ನಷ್ಟಕ್ಕೆ ತಾನೇ ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಆ ಕ್ರಮವನ್ನು ಕಾಪಾಡುವ ಸಭೆಯು ಸ್ನಾನದ ಬೆಲೆಯನ್ನು ವಿಶ್ವಾಸಿಯೊಬ್ಬನ ಹೆಗಲಿಗೇ ಬಿಡಬಾರದು. ಅವನು ಕಳೆದುಕೊಳ್ಳುವ ಮನೆಗೆ ಬದಲಾಗಿ ಮನೆಯಾಗಲು, ಕಳೆದುಕೊಳ್ಳುವ ಹಕ್ಕಿಗಾಗಿ ಜೊತೆಯಲ್ಲಿ ಹೋರಾಡಲು ಸಿದ್ಧವಿಲ್ಲದ ಸಭೆಗೆ ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸುವ ನೈತಿಕ ಅಧಿಕಾರವಿಲ್ಲ. ಅಲ್ಲಿಯ ತನಕ ಆರಾಧನೆಯ ನಂತರದ ಪ್ರೀತಿಭೋಜನದಲ್ಲಾದರೂ ಅವನಿಗೆ ಮೊದಲ ಸಾಲಿರಲಿ. ಸಭಾಪಾಲಕನಿಗೆ ಅವನ ಹೆಸರು ಗೊತ್ತಿರಲಿ, ಆಶೀರ್ವಾದದ ಕೈ ಅವನ ತಲೆಯ ಮೇಲೂ ಇಳಿಯಲಿ. ಸ್ನಾನ ಹೊಂದಿದವರ ವಿಷಯದಲ್ಲಿಯೂ ಕೆಲವು ಸಣ್ಣ ಸಂಗತಿಗಳನ್ನು ವಿಚಾರಿಸಿಕೊಳ್ಳೋಣ. ಪಾತ್ರೆಯನ್ನು ಹಿಡಿಯುವವರು ಯಾವಾಗಲೂ ಅದೇ ಮನೆತನಗಳವರೇ? ಸಭಾಸಮಿತಿಯಲ್ಲಿ ಕುಳಿತವರು ಯಾರು, ಹಬ್ಬದ ಅಡುಗೆಯ ಪಾತ್ರೆ ತೊಳೆಯುವವರು ಯಾರು? ಅಬ್ಸಲೋಮ್ ಜೋನ್ಸರ ಸಭೆಗೆ ಆದಂತೆ, ಬಾಗಿಲು ಕೊಟ್ಟು ಆಸನ ತಡೆದಿರುವುದು ನಮ್ಮಲ್ಲಿಯೂ ಉಂಟೇ?

ಪೊಟ್ರೆರೊ ಗುಡ್ಡದ ಆ ದೇವಾಲಯದಲ್ಲಿ ಮೇಜಿನಿಂದ ನೀರಿನವರೆಗಿನ ದಾರಿ ಕೆಲವೇ ಹೆಜ್ಜೆಗಳದು. ಯಾವ ತುದಿಯಿಂದ ನಡೆಯಲಾರಂಭಿಸಬೇಕೆಂಬುದರಲ್ಲಿ ನಾವು ಅವರೊಡನೆ ಭಿನ್ನಾಭಿಪ್ರಾಯ ಹೊಂದಿರಬಹುದು. ನಮ್ಮ ಸಭೆಗಳಲ್ಲಿ ಆ ದಾರಿ ಎಷ್ಟು ಉದ್ದವಾಗಿದೆ, ಅದನ್ನು ಉದ್ದಮಾಡಿದವರು ಯಾರು, ಮುಂದಿನವರ ಹೆಗಲು ಹಿಡಿದು ಅದರಲ್ಲಿ ಜೊತೆಗೂಡಿ ನಡೆಯಲು ನಾವು ಸಿದ್ಧರಿದ್ದೇವೆಯೇ ಎಂಬುದನ್ನು ಮಾತ್ರ ನಾವೇ ಉತ್ತರಿಸಬೇಕು. ಕರೆದವನು ಕರ್ತನು. ಆ ಪಂಕ್ತಿಯಲ್ಲಿ ನಮಗೂ ಎಲೆ ಬಿದ್ದಿರುವುದು ಕೃಪೆಯಿಂದಲೇ.